ಚತುರ್ದಶಿಯ ಸಮುದ್ರಸ್ನಾನ

ಮೊನ್ನೆ ನಮ್ಮ ಅರಸೀಕೆರೆ ಶಾಲೆಯ ಉಪಾಧ್ಯಾಯರ ಕೋಣೆಯಲ್ಲಿ ಪ್ರವಾಸದ ಮಾತು ಎದ್ದಿತು. ರಜಕ್ಕೆ ಎಲ್ಲರೂ ಸೇರಿ ಮಂಗಳೂರಿನ ಕಡೆ ಹೋಗಿ ಸಮುದ್ರದ ದಂಡೆಯಲ್ಲಿ ನಾಲ್ಕು ದಿನ ಹಾಯಾಗಿ ಇದ್ದು ಬರುವುದು ಎಂದು. ಒಬ್ಬರು ಬಸ್ಸು ಗೊತ್ತುಮಾಡುವ ಹೊಣೆ ಹೊತ್ತರು, ಇನ್ನೊಬ್ಬರು ಪುಳಿಯೋಗರೆ ಗೊಜ್ಜಿನ ಹೊಣೆ ಹೊತ್ತರು. ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಆದರೂ ನನ್ನ ಕೈ ತಾನಾಗಿ ಗೋಡೆಯ ಕ್ಯಾಲೆಂಡರಿನತ್ತ ಹೋಯಿತು. ಬೆರಳು ತಾರೀಕುಗಳನ್ನು ಬಿಟ್ಟು ಅವುಗಳ ಕೆಳಗೆ ಸಣ್ಣಕ್ಷರದಲ್ಲಿದ್ದ ತಿಥಿಗಳ ಮೇಲೆ ಓಡತೊಡಗಿತು.

"ಏನ್ರೀ ಪದ್ಮಾವತಮ್ಮ, ಸಮುದ್ರ ನೋಡೋದಕ್ಕೂ ಮುಹೂರ್ತ ಇಡಿಸ್ತೀರಾ?" ಎಂದು ಡ್ರಾಯಿಂಗ್ ಮೇಷ್ಟ್ರು ನಕ್ಕರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಶಾಲೆಯಲ್ಲಿ ನಾನು ವಿಜ್ಞಾನದ ಪಾಠ ಹೇಳುವವಳು. ದೀಪದ ಸುತ್ತ ನಿಂಬೆಹಣ್ಣು ಸುತ್ತಿಸಿ ಅಮಾವಾಸ್ಯೆ ಹುಣ್ಣಿಮೆ ಹೇಗಾಗುತ್ತವೆಂದು ಮಕ್ಕಳಿಗೆ ತೋರಿಸುವವಳು. ಅಂಥವಳು ಸಮುದ್ರ ಎಂದ ಕೂಡಲೇ ತಿಥಿ ಹುಡುಕುತ್ತಾಳೆಂದು ಗೊತ್ತಾದರೆ ಮಾನ ಉಳಿಯುವುದಿಲ್ಲ. ಆದರೆ ಈ ಅಭ್ಯಾಸ ನನಗೆ ಭಕ್ತಿಯಿಂದ ಬಂದದ್ದಲ್ಲ, ಒಂದು ಸುಳ್ಳಿನಿಂದ ಬಂದದ್ದು. ಆ ಸುಳ್ಳು ಹೇಳಿದಾಗ ನನಗೆ ಹನ್ನೆರಡು ವರ್ಷ.

ನಮ್ಮದು ಹಳೇಬೀಡು. ಅಪ್ಪ ಅಲ್ಲಿಯ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಹಳೇಬೀಡಿನವರಿಗೆ ಪ್ರವಾಸ ಎಂದರೆ ಬೇರೆಯವರು ಮಾಡುವ ಕೆಲಸ. ರಜ ಬಂತೆಂದರೆ ಎಲ್ಲೆಲ್ಲಿಯ ಜನವೋ ಬಸ್ಸಿಳಿದು, ಕೊಡೆ ಬಿಚ್ಚಿ, ಕುತ್ತಿಗೆ ನೋಯುವವರೆಗೆ ಕಲ್ಲು ನೋಡಿ, ಕುಡಿಯುವ ನೀರು ಎಲ್ಲಿ ಸಿಗುತ್ತದೆಂದು ನಮ್ಮನ್ನು ಕೇಳುತ್ತಿದ್ದರು. ನಾವು ಮಕ್ಕಳು ಅವರ ಹಿಂದೆಯೇ ಅಲೆದು, ಅವರು ಬಾಯಿ ಬಿಟ್ಟುಕೊಂಡು ನಿಲ್ಲುವುದನ್ನು ನೋಡಿ ನಗುತ್ತಿದ್ದೆವು. ಬೆಳಗಾದರೆ ಎದುರಿಗೇ ಇರುವ ಕಲ್ಲಾನೆಗಳನ್ನು ನೋಡಲು ಇಷ್ಟು ದೂರ ಬರುತ್ತಾರಲ್ಲ, ಇವರಿಗೆ ಊರಲ್ಲಿ ಕೆಲಸವಿಲ್ಲವೇ ಎಂದು ನಮ್ಮ ಅನುಮಾನ. ನಾವು ಊರು ಬಿಡುತ್ತಿದ್ದದ್ದು ಮದುವೆಗೆ, ಮುಂಜಿಗೆ, ಇಲ್ಲವೇ ಯಾರಾದರೂ ಹೋಗಿಬಿಟ್ಟರು ಎಂದು ಸುದ್ದಿ ಬಂದರೆ.

ಹೀಗಿರುವಾಗ ಒಂದು ವರ್ಷ ಬೇಸಿಗೆಯ ಮೊದಲಿಗೆ ಅಪ್ಪನಿಗೆ ವಿಷಮಶೀತ ಜ್ವರ ಬಂತು. ಒಂದೂವರೆ ತಿಂಗಳು ಮಲಗಿ ಎದ್ದಾಗ ಅವರ ಕೋಟು ಮೊಳೆಗೆ ಹಾಕಿದ ಹಾಗೆ ಮೈಮೇಲೆ ನೇತಾಡುತ್ತಿತ್ತು. ಹಾಸನದ ಡಾಕ್ಟರು, "ಔಷಧಿ ಸಾಕು ಮೇಷ್ಟ್ರೇ. ಹತ್ತು ದಿವಸ ಹವಾ ಬದಲಾಯಿಸಿ, ಸಮುದ್ರದ ಗಾಳಿ ತಗೊಳ್ಳಿ" ಎಂದರು. ಮೈಸೂರಿನಲ್ಲಿ ಅಪ್ಪನ ಜೊತೆ ಓದಿದ್ದ ಉಪಾಧ್ಯರು ಎಂಬ ಸ್ನೇಹಿತರು ಮಂಗಳೂರಿನಲ್ಲಿದ್ದರು. ಪಣಂಬೂರಿನ ಸಮುದ್ರದ ದಂಡೆಯಲ್ಲಿ ಅವರದೊಂದು ಹಳೆಯ ಹೆಂಚಿನ ಮನೆ ಖಾಲಿ ಬಿದ್ದಿತ್ತು. ಬಂದು ಇದ್ದು ಹೋಗಿ ಎಂದು ಕಾಗದ ಬರೆದರು. ಈಗ ಆ ಜಾಗದಲ್ಲಿ ದೊಡ್ಡ ಬಂದರು ಕಟ್ಟುತ್ತಿದ್ದಾರಂತೆ, ಆ ಮನೆ ಉಳಿದಿದೆಯೋ ಇಲ್ಲವೋ ತಿಳಿಯದು.

ನಾವು ಟ್ರಂಕು ಕಟ್ಟುತ್ತಿದ್ದಾಗ ಎದುರು ಮನೆಯ ಶೇಷಮ್ಮನವರು ಬಂದು ಅಮ್ಮನನ್ನು ವಿಚಾರಿಸಿಕೊಂಡರು.

"ಯಾರ ಮದುವೆ ಜಯಮ್ಮ?"

"ಯಾರದೂ ಇಲ್ಲ ಕಣ್ರೀ."

"ಹಾಗಾದ್ರೆ ಹರಕೆಯಾ?"

"ಅದೂ ಇಲ್ಲ. ಸುಮ್ನೆ ಹೋಗಿ ಇದ್ದು ಬರೋದು."

"ಸುಮ್ನೆ ಇರೋದಕ್ಕೆ ಅಷ್ಟು ದೂರ ಯಾಕ್ರೀ? ಇಲ್ಲೇ ಇರಬಹುದಲ್ಲ!"

ಮಂಗಳೂರು ಆಗ ಇನ್ನೂ ಮದರಾಸಿನ ಸೀಮೆಗೆ ಸೇರಿತ್ತು. ಬೇರೆ ರಾಜ್ಯಕ್ಕೆ ಹೋಗಿ ಸುಮ್ಮನೆ ಕೂತು ಬರುವ ಸಂಸಾರ ಎಂದು ಬೀದಿಯಲ್ಲಿ ನಮ್ಮ ಹೆಸರು ಒಂದು ವಾರ ಓಡಾಡಿತು.

ಅಪ್ಪನ ತಾಯಿ, ನಮ್ಮ ಅಜ್ಜಿ, ನಮ್ಮ ಜೊತೆಗೇ ಇದ್ದರು. ವಯಸ್ಸು ಎಪ್ಪತ್ತರ ಹತ್ತಿರ. ಎರಡು ಕಣ್ಣಿಗೂ ಪೊರೆ ಬಂದು, ಬಾಗಿಲಲ್ಲಿ ನಿಂತವರು ಯಾರೆಂದು ದನಿ ಕೇಳಿಯೇ ಗುರುತಿಸಬೇಕಾಗಿತ್ತು. ಓದು ಬರಹ ಬರುತ್ತಿರಲಿಲ್ಲ, ಆದರೆ ಅವರ ದಿನವೆಲ್ಲ ಒಂದು ಪುಸ್ತಕದಂತೆ ನಡೆಯುತ್ತಿತ್ತು. ಅದು ಪಂಚಾಂಗ. ಏಕಾದಶಿಗೆ ಉಪವಾಸ, ದ್ವಾದಶಿಗೆ ಬೇಗ ಪಾರಣೆ, ಇಂಥ ದಿನ ಎಣ್ಣೆ ಮುಟ್ಟಬಾರದು, ಇಂಥ ದಿನ ಈ ತರಕಾರಿ ಕೂಡದು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ನಾನು ಪಂಚಾಂಗ ಬಿಡಿಸಿ ಮಾರನೆಯ ದಿನದ ತಿಥಿ ಓದಿ ಹೇಳಬೇಕಿತ್ತು. ಘಳಿಗೆ, ವಿಘಳಿಗೆ, ಉಪರಿ ಎಂದು ನಾನು ಗಂಟಲು ಸರಿಮಾಡಿಕೊಂಡು ಓದುತ್ತಿದ್ದ ಗತ್ತು ನೋಡಿದರೆ ಸೂರ್ಯಚಂದ್ರರು ನನ್ನ ಅಪ್ಪಣೆ ಕೇಳಿಯೇ ಏಳುತ್ತಿದ್ದರು ಎನ್ನಬೇಕು.

ಅಜ್ಜಿ ತನಗೆ ಇಂಥದು ಬೇಕು ಎಂದದ್ದನ್ನು ನಾನು ಕೇಳಿರಲಿಲ್ಲ. ಹುಳಿಗೆ ಏನು ಹಾಕಲಿ ಎಂದರೆ "ಮಕ್ಕಳಿಗೆ ಏನು ಇಷ್ಟವೋ ಅದು", ಸೀರೆ ಯಾವ ಬಣ್ಣ ಎಂದರೆ "ಯಾವುದಾದರೇನು". ಆದರೆ ಸಮುದ್ರಕ್ಕೆ ಹೋಗುವುದು ನಿಶ್ಚಯವಾದ ಸಂಜೆ ನನ್ನನ್ನು ಪಕ್ಕಕ್ಕೆ ಕರೆದು, "ಪದ್ದು, ಅಲ್ಲಿರೋ ದಿನಗಳಲ್ಲಿ ಅಮಾವಾಸ್ಯೆ ಬರುತ್ತಾ ನೋಡೇ" ಎಂದರು.

ನಮ್ಮ ಕಡೆಯ ಹಿರಿಯರಿಗೆ ಸಮುದ್ರ ಸುಮ್ಮಸುಮ್ಮನೆ ಮುಟ್ಟುವ ನೀರಲ್ಲ. ಅಮಾವಾಸ್ಯೆ, ಹುಣ್ಣಿಮೆ, ಗ್ರಹಣ, ಇಂಥ ಪರ್ವದ ದಿನ ಮಾತ್ರ ಅದರಲ್ಲಿ ಸ್ನಾನ ಮಾಡಬೇಕು. ಉಳಿದ ದಿನ ದೂರದಿಂದ ಕೈ ಮುಗಿಯಬೇಕು, ಮುಟ್ಟಿದರೆ ದೋಷ. ಅಜ್ಜಿ ಯಗಚಿಯಲ್ಲಿ ಮಿಂದಿದ್ದರು, ಹೇಮಾವತಿಯಲ್ಲಿ ಮಿಂದಿದ್ದರು, ಶ್ರೀರಂಗಪಟ್ಟಣದಲ್ಲಿ ಕಾವೇರಿ ಆಗಿತ್ತು. ಗೋಕರ್ಣಕ್ಕೆ ಹೋಗಿ ಅಮಾವಾಸ್ಯೆಯ ಸಮುದ್ರಸ್ನಾನ ಮಾಡಿಸುತ್ತೇನೆಂದು ತಾತ ಒಂದು ಸಲ ಹೇಳಿದ್ದರಂತೆ. ಹೇಳಿದವರು ಹೋಗಿಬಿಟ್ಟಿದ್ದರು.

ನಾನು ಎಣಿಸಿದೆ. ನಾವು ಶುಕ್ರವಾರ ಹೋಗಿ ಮುಂದಿನ ವಾರ ಕಳೆದು ಸೋಮವಾರ ಹೊರಡುವುದು. ಅಮಾವಾಸ್ಯೆ ಸರಿಯಾಗಿ ಹಿಂದಿನ ದಿನ, ಭಾನುವಾರ. "ಬರುತ್ತೆ ಅಜ್ಜಿ, ಕೊನೇ ದಿನ" ಎಂದೆ. ಮಾರನೆಯ ದಿನ ಅಜ್ಜಿಯ ಬಟ್ಟೆಯ ಗಂಟಿನಲ್ಲಿ ಒಂದು ತೆಂಗಿನಕಾಯಿ ಇತ್ತು. ಸಮುದ್ರರಾಜನಿಗೆ ಒಪ್ಪಿಸುವುದಕ್ಕಂತೆ. ತೆಂಗಿನ ತೋಟಗಳೇ ತುಂಬಿದ ಸೀಮೆಗೆ ಕಾಯಿ ಹೊತ್ತುಕೊಂಡು ಹೋಗುವ ಮುದುಕಿಯನ್ನು ನೋಡಿ ಅಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡರು.

ಬೇಲೂರಿನಿಂದ ಮೂಡಿಗೆರೆ ಮೇಲೆ ಚಾರ್ಮಾಡಿ ಘಾಟಿ ಇಳಿದು ಹೋದ ಆ ಬಸ್ಸಿನ ಪ್ರಯಾಣವನ್ನು ನಾನು ವರ್ಣಿಸಲಾರೆ. ಘಾಟಿಯ ತಿರುವುಗಳಲ್ಲಿ ನಾನು ಕಿಟಕಿಯಿಂದ ಹೊರಗೆ ಮಾಡುತ್ತಿದ್ದ ಕೆಲಸ ಪ್ರಕೃತಿ ವೀಕ್ಷಣೆಯಲ್ಲ. ಸಮುದ್ರದ ಬಗ್ಗೆ ನನ್ನ ಕಲ್ಪನೆಯೆಲ್ಲ ನಮ್ಮೂರಿನಿಂದ ಹೊತ್ತು ತಂದದ್ದು. ಹಿಂದಿನ ಕಾಲದಲ್ಲಿ ನಮ್ಮೂರಿಗೆ ದೋರಸಮುದ್ರ ಎಂದು ಹೆಸರು, ನಮ್ಮ ದೊಡ್ಡ ಕೆರೆಯಿಂದಲೇ ಆ ಹೆಸರು ಬಂದದ್ದು ಎಂದು ಅಪ್ಪ ಪಾಠ ಹೇಳುತ್ತಿದ್ದರು. ಆದ್ದರಿಂದ ಸಮುದ್ರವೆಂದರೆ ಇನ್ನೂ ಸ್ವಲ್ಪ ದೊಡ್ಡ ಕೆರೆ, ಅದರೊಳಗೆ ನಮ್ಮ ಗುಡಿಯ ಗೋಡೆಯಲ್ಲಿರುವಂಥ ಬಾಲ ಸುರುಳಿಯಾದ ಮಕರಗಳು ಇರುತ್ತವೆ ಎಂದು ನಾನು ತಿಳಿದಿದ್ದೆ. ಅಜ್ಜಿ ನನಗಿಂತ ಒಂದು ಹೆಜ್ಜೆ ಮುಂದಿದ್ದರು. ಮೊದಲ ಸಂಜೆ ದಂಡೆಯಲ್ಲಿ ನಿಂತು, ಆ ಸದ್ದನ್ನು ಬಹಳ ಹೊತ್ತು ಕೇಳಿ, "ಸೀನ, ಇದಕ್ಕೆ ಕೋಡಿ ಎಲ್ಲಿದೆಯೋ?" ಎಂದು ಅಪ್ಪನನ್ನು ಕೇಳಿದರು. ಕೆರೆ ಎಂದ ಮೇಲೆ ತುಂಬಿದ ನೀರು ಹರಿದು ಹೋಗಲು ಕೋಡಿ ಇರಲೇಬೇಕಲ್ಲ. ಭೂಗೋಳದ ಮೇಷ್ಟ್ರಾದ ಅಪ್ಪ ಸ್ವಲ್ಪ ಯೋಚಿಸಿ, "ಇದಕ್ಕೆ ಕೋಡಿ ಇಲ್ಲಮ್ಮ" ಎಂದರು.

ಅಲ್ಲಿ ನಾವು ಕಳೆದ ದಿನಗಳು ನಾನು ಕಂಡ ಅತ್ಯಂತ ನಿಧಾನದ ದಿನಗಳು. ಅಪ್ಪ ಬೆಳಿಗ್ಗೆ ಸಂಜೆ ಕಚ್ಚೆಪಂಚೆ, ಕೋಟು, ಟೋಪಿ ಹಾಕಿಕೊಂಡು, ಕೊಡೆ ಹಿಡಿದು, ಇನ್‌ಸ್ಪೆಕ್ಟರು ಬರುವ ದಿನ ಕೂರುವ ಹಾಗೆ ನೆಟ್ಟಗೆ ಮರಳಿನ ಮೇಲೆ ಕೂತು ಗಾಳಿ ಸೇವಿಸುತ್ತಿದ್ದರು. ಮೀನುಗಾರರ ಮಕ್ಕಳು ಸುತ್ತ ನಿಂತು ಅವರನ್ನೇ ನೋಡುತ್ತಿದ್ದವು. ನಾವು ಹಳೇಬೀಡಿನಲ್ಲಿ ಬಂದವರನ್ನು ನೋಡಿ ನಕ್ಕದ್ದಕ್ಕೆಲ್ಲ ಅಲ್ಲಿ ಬಡ್ಡಿಸಮೇತ ಸಂದಾಯವಾಯಿತು. ನೀರಿಗೆ ಇಳಿಯಿರಿ ಎಂದರೆ ಅಪ್ಪ, "ಡಾಕ್ಟರು ಹೇಳಿದ್ದು ಗಾಳಿ, ನೀರಲ್ಲ" ಎನ್ನುತ್ತಿದ್ದರು. ಮಕ್ಕಳಿಗೆ ದೋಷವಿಲ್ಲ ಎಂದು ಅಜ್ಜಿಯೇ ತೀರ್ಪು ಕೊಟ್ಟದ್ದರಿಂದ ನಾನು ಮಾತ್ರ ಇಡೀ ದಿನ ನೀರಿನಲ್ಲಿ ಬಿದ್ದಿರುತ್ತಿದ್ದೆ.

ಅಜ್ಜಿ ಅಲೆ ಮುಟ್ಟದಷ್ಟು ದೂರದಲ್ಲಿ ಕಾಲು ಮಡಿಸಿಕೊಂಡು ಕೂರುತ್ತಿದ್ದರು. ಅವರ ಕಣ್ಣಿಗೆ ಸಮುದ್ರ ಬರೀ ಬೆಳ್ಳಗೆ ಕಾಣುತ್ತಿತ್ತಂತೆ.

"ಈಗ ಎಷ್ಟು ದೂರ ಬಂತೇ?" ಎಂದು ಕೇಳುವರು.

"ಹತ್ತು ಮಾರು ಇದೆ ಅಜ್ಜಿ."

"ಈಗ?"

"ನಾಲ್ಕು ಮಾರು."

ಎದ್ದು ಸೀರೆಯ ನೆರಿಗೆ ಎತ್ತಿ ಹಿಂದಕ್ಕೆ ಸರಿದು ಮತ್ತೆ ಕೂರುವರು. ದಿನಕ್ಕೆ ಇಪ್ಪತ್ತು ಸಲ ಇದು ನಡೆಯುತ್ತಿತ್ತು. ಅಮ್ಮ ಒಂದು ದಿನ, "ಅತ್ತೆ, ಕಾಲಾದರೂ ತೊಳಕೊಳ್ಳಿ, ಯಾರು ನೋಡ್ತಾರೆ" ಎಂದರು. "ಮುಟ್ಟಬಾರದು ಅಂದ ಮೇಲೆ ಮುಟ್ಟಬಾರದು ಜಯಾ. ಭಾನುವಾರ ಬರುತ್ತಲ್ಲ" ಎಂದರು ಅಜ್ಜಿ. ಪಕ್ಕದ ಗುಡಿಸಲಿನ ಗಿರಿಜಕ್ಕ ಎಂಬ ಮೀನುಗಾರರ ಹೆಂಗಸು ನಮಗೆ ಸೌದೆ ತಂದುಕೊಡುತ್ತಿದ್ದಳು. ಅವಳಿಗೆ ಇದು ಅರ್ಥವೇ ಆಗುತ್ತಿರಲಿಲ್ಲ.

"ಎಂತ ಅಮ್ಮ, ದಿನಾ ಬಂದು ಕೂತುಕೊಳ್ತೀರಿ, ಕಾಲು ಸಹ ನೆನೆಸುವುದಿಲ್ಲ. ಹೆದರಿಕೆಯಾ?"

"ಹೆದರಿಕೆ ಅಲ್ಲಮ್ಮ. ದಿನ ಬರಲಿ ಅಂತ ಕಾಯ್ತಿದೀನಿ."

"ಸಮುದ್ರಕ್ಕೆ ಎಂತ ದಿನ? ನಾವು ದಿನಾ ಇಳಿಯುವವರು."

ಅಜ್ಜಿ ಅವಳ ಜೊತೆ ಮಾತಾಡುವಾಗಲೂ ನಾಲ್ಕು ಮಾರು ದೂರ ಇಟ್ಟು ಮಾತಾಡುತ್ತಿದ್ದರು. ಅವಳ ನೆರಳು ಸೋಕಿದರೂ ಮಡಿ ಹೋಯಿತೆಂದು ಇನ್ನೊಮ್ಮೆ ತಲೆಗೆ ನೀರು ಹಾಕಿಕೊಳ್ಳುವುದನ್ನು ನಾನು ನೋಡಿದ್ದೆ. ಇದನ್ನು ಈಗ ಬರೆಯಲು ನನಗೆ ನಾಚಿಕೆಯಾಗುತ್ತದೆ. ಆಗ ನನಗೆ ಏನೂ ಅನ್ನಿಸಿರಲಿಲ್ಲ.

ಎರಡನೆಯ ಶುಕ್ರವಾರ ಮಧ್ಯಾಹ್ನ ಉಪಾಧ್ಯರು ಒಂದು ಕಾರ್ಡು ಹಿಡಿದುಕೊಂಡು ಬಂದರು. ಹೆಡ್‌ಮಾಸ್ಟರು ಅವರ ವಿಳಾಸಕ್ಕೆ ಬರೆದದ್ದು. ಹಾಸನದಲ್ಲಿ ಉಪಾಧ್ಯಾಯರ ಶಿಬಿರಕ್ಕೆ ಅಪ್ಪನ ಹೆಸರು ಬಂದಿದೆ, ಸೋಮವಾರ ಬೆಳಿಗ್ಗೆ ತಪ್ಪದೆ ಹಾಜರಾಗಬೇಕು. ಎಂದರೆ ಭಾನುವಾರ ನಸುಕಿಗೇ ಮಂಗಳೂರಿನಿಂದ ಬೇಲೂರಿನ ಬಸ್ಸು ಹಿಡಿಯಬೇಕು. ಎಂದರೆ ಶನಿವಾರ ಮಧ್ಯಾಹ್ನವೇ ಪಣಂಬೂರು ಬಿಟ್ಟು ಉಪಾಧ್ಯರ ಮನೆಗೆ ಹೋಗಿ ಉಳಿಯಬೇಕು. ಅಪ್ಪ ಕಾರ್ಡನ್ನು ಎರಡು ಸಲ ಓದಿ ಅಜ್ಜಿಯ ಕಡೆ ನೋಡಿದರು.

"ಇನ್ನೊಂದು ಸಲ ಬಂದರಾಯ್ತು ಬಿಡೋ" ಎಂದರು ಅಜ್ಜಿ. ಅಷ್ಟೇ. ಒಳಗೆ ಹೋಗಿ ತಮ್ಮ ಬಟ್ಟೆಯ ಗಂಟು ಕಟ್ಟತೊಡಗಿದರು. ಇನ್ನೊಂದು ಸಲ ಎಂಬುದು ಇಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಡಾಕ್ಟರು ಹೇಳಿದ ಹಾಗೆ ಇನ್ನೊಂದು ವರ್ಷಕ್ಕೆ ಆ ಕಣ್ಣಿನಲ್ಲಿ ಬೆಳಕು ಉಳಿಯುವಂತಿರಲಿಲ್ಲ, ಮತ್ತು ನಮ್ಮ ಮನೆಯಲ್ಲಿ ಕಾಯಿಲೆ ಬೀಳದೆ ಯಾರೂ ಸಮುದ್ರ ನೋಡುವುದಿಲ್ಲ. ಅಜ್ಜಿ ಗಂಟು ಕಟ್ಟಿ, ಬಿಚ್ಚಿ, ತೆಂಗಿನಕಾಯಿಯನ್ನು ತಡವಿ, ಮತ್ತೆ ಕಟ್ಟುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ.

ಸಂಜೆ ದೀಪ ಹಚ್ಚಿದ ಮೇಲೆ ಎಂದಿನಂತೆ ನಾನು ಪಂಚಾಂಗ ತೆಗೆದೆ. ಅಪ್ಪ ಅದೇ ಕೋಣೆಯ ಚಾಪೆಯ ಮೇಲೆ ಪತ್ರಿಕೆ ಓದುತ್ತಿದ್ದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದರು. ಶನಿವಾರದ ಸಾಲಿನಲ್ಲಿ ಚತುರ್ದಶಿ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ನಾನು ಗಂಟಲು ಸರಿಮಾಡಿಕೊಂಡೆ.

"ಅಜ್ಜಿ, ಈ ಸಲ ಚತುರ್ದಶಿ ಕ್ಷಯ! ನಾನು ಆವತ್ತು ಸರಿಯಾಗಿ ನೋಡಿರಲಿಲ್ಲ. ನಾಳೇನೇ ಅಮಾವಾಸ್ಯೆ."

ತಿಥಿ ಕ್ಷಯವಾಗುವುದು, ಎಂದರೆ ಒಂದು ತಿಥಿ ದಿನದ ಲೆಕ್ಕಕ್ಕೆ ಸಿಗದೆ ಜಾರಿ ಹೋಗುವುದು, ಆಗಾಗ ಇದ್ದದ್ದೇ. ಆದ್ದರಿಂದ ಬೆರಳು ಮಡಿಸಿ ಎಣಿಸುವ ಅಜ್ಜಿಗೂ ನನ್ನನ್ನು ಹಿಡಿಯಲು ಸಾಧ್ಯವಿರಲಿಲ್ಲ. ಅಪ್ಪನ ಪತ್ರಿಕೆಯ ಸದ್ದು ನಿಂತಿತು. ಮೊರದ ಸದ್ದೂ ನಿಂತಿತು. ಕಾಪಿಯಲ್ಲಿ ಒಂದು ಕೊಂಬು ತಪ್ಪಿದರೂ ಬೆತ್ತ ತೆಗೆಯುತ್ತಿದ್ದ ಮೇಷ್ಟ್ರು ಅವರು. ಇನ್ನೇನು ನನ್ನ ಹೆಸರು ಹಿಡಿದು ಕೂಗುತ್ತಾರೆಂದು ಕಾದೆ. ಅಪ್ಪ ಕೂಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪತ್ರಿಕೆಯ ಹಾಳೆ ಮಗುಚಿದರು.

"ನಾಳೆಯಾ?" ಎಂದರು ಅಜ್ಜಿ. "ಸರಿಯಾಗಿ ನೋಡಿದೆಯಾ?"

"ನೋಡಿದೆ ಅಜ್ಜಿ."

ಶನಿವಾರ ಬೆಳಿಗ್ಗೆ ಅಜ್ಜಿ ಮಡಿಸೀರೆ ಉಟ್ಟು ಜಗಲಿಯ ಮೇಲೆ ಕೂತಿದ್ದರು. ಹೊರಡುವ ಗಡಿಬಿಡಿಯಲ್ಲಿ ಅಮ್ಮ ಬೇಗನೆ ಉಪ್ಪಿಟ್ಟು ಮಾಡಿದ್ದರು. ಅಪ್ಪನಿಗೆ ಸಮುದ್ರದ ಗಾಳಿಗೆ ನಾಲಗೆ ರುಚಿ ಮರಳಿ ಬಂದಿತ್ತು. ತಿಂದು, "ಇನ್ನೊಂದು ಸ್ವಲ್ಪ ಹಾಕು" ಎಂದು ಮತ್ತೆ ಹಾಕಿಸಿಕೊಂಡರು. ಮೇಲೆ ಒಂದು ಲೋಟ ಕಾಫಿ. ನಾನು ಕೈ ತೊಳೆದು ಹೊರಗೆ ಬಂದಾಗ ಅಜ್ಜಿ ಇನ್ನೂ ಹಾಗೆಯೇ ಕೂತಿದ್ದರು. ಏನೋ ಯೋಚನೆಯಲ್ಲಿದ್ದ ಹಾಗೆ ಕಂಡಿತು. ಆಮೇಲೆ ಮೊಳಕಾಲಿಗೆ ಕೈ ಊರಿ ಎದ್ದರು.

"ನಡಿಯೇ ಪದ್ದು."

"ತೆಂಗಿನಕಾಯಿ ಅಜ್ಜಿ?"

"ಇರಲಿ ಬಿಡು."

ದಂಡೆಯಲ್ಲಿ ಗಿರಿಜಕ್ಕ ಬಲೆ ಒಣಹಾಕುತ್ತಿದ್ದಳು. ಅಜ್ಜಿ ನನ್ನ ಭುಜ ಹಿಡಿದು ನೀರಿನ ಅಂಚಿನವರೆಗೆ ಬಂದರು. ಒಂದು ಅಲೆ ಬಂದು ಅವರ ಪಾದ ಮುಚ್ಚಿತು. ಅಜ್ಜಿ ಸರಿಯಲಿಲ್ಲ. ಕಾಲಡಿಯ ಮರಳು ಜಾರಿದಾಗ ನಾವಿಬ್ಬರೂ ಬೀಳುವ ಹಾಗಾಯಿತು. ಗಿರಿಜಕ್ಕ ಓಡಿ ಬಂದವಳು ಕೈ ಚಾಚಿ ಅರ್ಧದಲ್ಲೇ ನಿಲ್ಲಿಸಿಬಿಟ್ಟಳು. ಅವಳಿಗೂ ಗೊತ್ತಿತ್ತು.

"ಕೈ ಕೊಡಮ್ಮ" ಎಂದರು ಅಜ್ಜಿ.

ಒಂದು ಕೈ ಗಿರಿಜಕ್ಕನದು, ಒಂದು ಕೈ ನನ್ನದು. ಅಜ್ಜಿ ಸೊಂಟದವರೆಗೆ ನೀರಿಗೆ ಇಳಿದು ಮೂರು ಸಲ ಮುಳುಗಿದರು. ಸ್ನಾನಕ್ಕೆ ಅಷ್ಟು ಸಾಕು. ಆದರೆ ಹೊರಗೆ ಬರಲಿಲ್ಲ. ಅಲೆ ಬಂದಾಗ ಬೆನ್ನು ಕೊಟ್ಟರು, ಹೋದಾಗ ಇನ್ನೆರಡು ಹೆಜ್ಜೆ ಒಳಗೆ ಹೋದರು. ಬಾಯಿಗೆ ನುಗ್ಗಿದ ನೀರನ್ನು ಚಪ್ಪರಿಸಿ, "ಉಪ್ಪೇ ಕಣೇ! ನಿಜವಾಗ್ಲೂ ಉಪ್ಪು!" ಎಂದು ಕೂಗಿದರು. ಆಮೇಲೆ ನಕ್ಕರು. ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅಪ್ಪ ದೂರದಲ್ಲಿ ಕೊಡೆ ಹಿಡಿದು ನಿಂತಿದ್ದರು. ಬಿಸಿಲು ಏರಿ, ಅಮ್ಮ ಎರಡು ಸಲ ಬಂದು ಕರೆದ ಮೇಲೆಯೇ ಅಜ್ಜಿ ದಂಡೆಗೆ ಬಂದದ್ದು.

ಮಾರನೆಯ ದಿನ ಮಂಗಳೂರಿನಿಂದ ಹೊರಟ ಬಸ್ಸು ಉಜಿರೆಯಲ್ಲಿ ತಿಂಡಿಗೆ ನಿಂತಿತು. ಎಲ್ಲರೂ ಹೋಟೆಲಿಗೆ ಇಳಿದರು. ಅಪ್ಪ ಇಳಿಯಲಿಲ್ಲ.

"ಮೈ ಇನ್ನೂ ಸುಧಾರಿಸಿಲ್ಲ. ಎರಡು ಇಡ್ಲಿನಾದ್ರೂ ತಿನ್ನಿ" ಎಂದರು ಅಮ್ಮ.

ಅಪ್ಪ ಅಜ್ಜಿಯ ಕಡೆ ಒಮ್ಮೆ ನೋಡಿ, ಬೇಡವೆಂದು ತಲೆಯಾಡಿಸಿದರು. ಆಗ ನನಗೆ ಹೊಳೆಯಿತು. ತಾತ ತೀರಿಕೊಂಡ ಮೇಲೆ ಪ್ರತಿ ಅಮಾವಾಸ್ಯೆಯೂ ಅಪ್ಪ ಎಳ್ಳುನೀರು ಬಿಟ್ಟು ತರ್ಪಣ ಕೊಡುತ್ತಿದ್ದರು. ಅದು ಮುಗಿಯುವವರೆಗೆ ಬೇಯಿಸಿದ ಒಂದು ಅಗುಳನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಜ್ವರದಲ್ಲಿ ಮಲಗಿದ್ದಾಗಲೂ ಆ ದಿನ ಬರೀ ಹಾಲು ಕುಡಿದಿದ್ದರು. ಅಂಥವರು ನಿನ್ನೆ, ನಾನು ಮಾಡಿದ ಅಮಾವಾಸ್ಯೆಯ ದಿನ, ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು ತಿಂದಿದ್ದರು! ಸುಳ್ಳು ಹೇಳಿದ ನನಗೆ ಅದು ನೆನಪಾಗಿರಲಿಲ್ಲ, ಸುಮ್ಮನಿದ್ದ ಅಪ್ಪನಿಗೆ ನೆನಪಾಗಿರಲಿಲ್ಲ, ಬಡಿಸಿದ ಅಮ್ಮನಿಗೂ ನೆನಪಾಗಿರಲಿಲ್ಲ. ಬಸ್ಸು ಘಾಟಿ ಹತ್ತುವಾಗ ನಾನು ಅಜ್ಜಿಯ ಮುಖವನ್ನೇ ನೋಡುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡು ಕೂತಿದ್ದರು.

ಮೂರು ಗಂಟೆಗೆ ಹಳೇಬೀಡು ಸೇರಿದೆವು. ಅಪ್ಪ ಬಾವಿಯಲ್ಲಿ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ, ಯಾರಿಗೂ ಕಾಣದ ಹಾಗೆ ಹಿತ್ತಿಲ ಮೂಲೆಯಲ್ಲಿ ತರ್ಪಣಕ್ಕೆ ಕೂತರು. ಅಜ್ಜಿ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದರು. ಕಪ್ಪು ಎಳ್ಳಿನ ಡಬ್ಬಿ ತೆಗೆದರು. ಪ್ರತಿ ಅಮಾವಾಸ್ಯೆಯೂ ಮಾಡುವ ಹಾಗೆಯೇ ಹಿತ್ತಿಲಿಗೆ ಬಂದು, ಅಪ್ಪನ ಬಲಕ್ಕೆ ಅದನ್ನು ಇಟ್ಟು, ಒಂದು ಮಾತೂ ಆಡದೆ ಒಳಗೆ ಹೋದರು. ಅಪ್ಪ ತಲೆ ಎತ್ತಲಿಲ್ಲ. ಡಬ್ಬಿ ಇಟ್ಟುಹೋದದ್ದು ನಮ್ಮ ಅಮ್ಮ ಎಂದು ತಿಳಿದರೋ ಏನೋ.

ಸೋಮವಾರ ಅಪ್ಪ ನಸುಕಿನಲ್ಲೇ ಹಾಸನಕ್ಕೆ ಹೋದರು. ಕಣ್ಣಿಲ್ಲದ ಮುದುಕಿಯನ್ನು ಕೈ ಹಿಡಿದು ಪಾಪಕ್ಕೆ ಇಳಿಸಿದವಳು ನಾನು. ಹಿತ್ತಿಲಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಅಜ್ಜಿಯ ಮುಂದೆ ಹೋಗಿ ಕೂತು ಅಳತೊಡಗಿದೆ.

"ಅಜ್ಜಿ, ಶನಿವಾರ ಅಮಾವಾಸ್ಯೆ ಇರಲಿಲ್ಲ."

"ಗೊತ್ತು ಕಣೇ. ನಿಮ್ಮಪ್ಪ ಎರಡನೇ ಸಲ ಉಪ್ಪಿಟ್ಟು ಹಾಕಿಸ್ಕೊಂಡಾಗಲೇ ಗೊತ್ತಾಯ್ತು."

ನನ್ನ ಅಳು ನಿಂತುಹೋಯಿತು. "ಗೊತ್ತಿದ್ದೂ ಯಾಕೆ ಇಳಿದೆ?"

ಅಜ್ಜಿ ಒಂದು ಬೀಜ ತೆಗೆದು ಪಕ್ಕಕ್ಕೆ ಹಾಕಿದರು. ಇನ್ನೊಂದು ಬೀಜ ತೆಗೆದರು.

"ಎದ್ದು ಒಳಗೆ ಹೋಗಬೇಕು ಅಂತಲೇ ಇದ್ದೆ. ಅಷ್ಟು ಹೊತ್ತಿಗೆ ಆಸೆ ಆಗಿಬಿಟ್ಟಿತ್ತು ಕಣೇ. ಎಂಟು ದಿನ ಅದರ ಮುಂದೆ ಕೂತಿದ್ದೆನಲ್ಲ. ಸುಳ್ಳು ಅಮಾವಾಸ್ಯೆಗೆ ಕಾಯಿ ಯಾಕೆ ಒಡೀಬೇಕು ಅಂತ ಅದನ್ನ ಬಿಟ್ಟು ಬಂದೆ."

"ನನಗೆ ಪಾಪ ಬರುತ್ತೆ ಅಲ್ವಾ ಅಜ್ಜಿ?"

"ನಿನಗ್ಯಾಕೆ ಬರುತ್ತೆ? ನಾನು ನಂಬಿದ್ರೆ ತಾನೇ ನೀನು ಹೇಳಿದ್ದು ಸುಳ್ಳು? ನಾನು ನಂಬಲಿಲ್ಲ. ತಿಳಿದೇ ಇಳಿದೆ." ಹುಣಸೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ತಲೆ ಸವರಿದರು. "ನಿಮ್ಮಪ್ಪನಿಗೆ ಇದನ್ನೆಲ್ಲ ಹೇಳಬೇಡ. ನನಗೆ ಗೊತ್ತಾಗಿಲ್ಲ ಅಂತಲೇ ಇರಲಿ. ಪಾಪ, ತುಂಬ ಕಷ್ಟಪಟ್ಟು ಸುಮ್ನಿದ್ದ."

ನಾನು ಹೇಳಲಿಲ್ಲ. ನಾಲ್ಕು ವರ್ಷ ಹೇಳಲಿಲ್ಲ. ಅಜ್ಜಿಯ ಕಣ್ಣು ಪೂರಾ ಹೋಯಿತು. ಸಂಜೆಯ ಪಂಚಾಂಗ ಹಾಗೆಯೇ ನಡೆಯಿತು, ನಾನು ಒಂದಕ್ಷರವೂ ತಪ್ಪದೆ ಓದುತ್ತಿದ್ದೆ. ಸಮುದ್ರದ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ನಾನು ಹೈಸ್ಕೂಲು ಮುಗಿಸಿದ ವರ್ಷ, ಒಂದು ಬೆಳಿಗ್ಗೆ, ಅಜ್ಜಿ ಹಾಸಿಗೆಯಿಂದ ಏಳಲಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ಜೋಯಿಸರು ಜಗಲಿಯ ಮೇಲೆ ಕೂತು, ಮುಂದಿನ ಕರ್ಮಗಳಲ್ಲಿ ಏನೇನು ಆಗಬೇಕೆಂದು ಅಪ್ಪನಿಗೆ ಹೇಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ. ಎಲ್ಲ ಹೇಳಿ ಮುಗಿಸಿದ ಮೇಲೆ ಅಪ್ಪ ತಗ್ಗಿದ ದನಿಯಲ್ಲಿ ಹೇಳಿದರು.

"ಇನ್ನೊಂದು ಸೇರಿಸಿಕೊಳ್ಳಿ ಜೋಯಿಸರೇ. ಅಮ್ಮ ಒಂದು ಸಲ ಪರ್ವ ಇಲ್ಲದ ದಿನ ಸಮುದ್ರಕ್ಕೆ ಇಳಿದಿದ್ದಳು. ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ನಾನು, ಬಾಯಿ ಮುಚ್ಚಿಕೊಂಡಿದ್ದೆ. ನನ್ನಿಂದ ಅವಳಿಗೆ ದೋಷ ಬಂತು. ನಾಲ್ಕು ವರ್ಷದಿಂದ ಅದು ನನ್ನನ್ನ ಮಲಗೋಕೆ ಬಿಟ್ಟಿಲ್ಲ. ಏನು ಪ್ರಾಯಶ್ಚಿತ್ತವೋ ಅದನ್ನ ಮಾಡಿಸಿಬಿಡಿ."

ಅಜ್ಜಿಗೆ ಕೊಟ್ಟ ಮಾತನ್ನು ನಾನು ಮುರಿದೆ. "ಅಪ್ಪ, ಅಜ್ಜಿಗೆ ಗೊತ್ತಿತ್ತು" ಎಂದೆ.

ಅಪ್ಪ ತಿರುಗಿ ನೋಡಿದರು. ಹುಣಸೆಹಣ್ಣಿನ ಮುಂದೆ ಅಜ್ಜಿ ಹೇಳಿದ್ದನ್ನೆಲ್ಲ ಹೇಳಿದ ಹಾಗೆಯೇ ಹೇಳಿದೆ. ಆಸೆ ಆಗಿಬಿಟ್ಟಿತ್ತು ಎಂದದ್ದನ್ನೂ ಹೇಳಿದೆ. ಅಪ್ಪ ಮೇಲುವಸ್ತ್ರದಿಂದ ಮುಖ ಮುಚ್ಚಿಕೊಂಡರು. ಅವರ ಭುಜ ಅಲುಗುತ್ತಿತ್ತು. ಜೋಯಿಸರು ಕೆಮ್ಮಿ, ಶಾಸ್ತ್ರ ಹೇಳಿದರು.

"ತಿಳಿಯದೆ ಮಾಡಿದ್ದಾದ್ರೆ ಸಣ್ಣದರಲ್ಲಿ ಹೋಗ್ತಿತ್ತು ಮೇಷ್ಟ್ರೇ. ತಿಳಿದು ಮಾಡಿದ್ದು ಅಂದ್ರೆ ಪ್ರಾಯಶ್ಚಿತ್ತ ಇನ್ನೂ ದೊಡ್ಡದಾಗಿ ಆಗಬೇಕಾಗುತ್ತೆ."

ಅಪ್ಪ ಮುಖದಿಂದ ಬಟ್ಟೆ ತೆಗೆದರು.

"ಬೇಡ ಜೋಯಿಸರೇ," ಎಂದರು. "ಅದೊಂದನ್ನ ಬಿಟ್ಟುಬಿಡಿ. ಅದು ಅಮ್ಮ ಆಸೆಪಟ್ಟು ಮಾಡಿದ್ದು. ಅವಳ ಹತ್ತಿರವೇ ಇರಲಿ."